ಬೆಂಗಳೂರಿನ ಉದ್ಯಾನಗಳೂ ಬಡವರ ವಿಹಾರವೂ

ಅರಮನೆ, ಕೋಟೆ, ಯುದ್ಧ, ಸಂಧಾನ - ಇವುಗಳ ವೃತ್ತಾಂತವೇ ಒಂದು ನಗರದ ಇತಿಹಾಸವೆಂದು ಎಣಿಸುವುದು ವಾಡಿಕೆಯಾಗಿದೆ. ಆದರೆ ಸಂಸಾರವಂದಿಗನೊಬ್ಬನು ವಾರವೆಲ್ಲ ದುಡಿದು, ಒಂದು ದಿನ ಹೆಂಡತಿಮಕ್ಕಳನ್ನೂ ವೃದ್ಧರಾದ ತಾಯಿತಂದೆಗಳನ್ನೂ ಕರೆದುಕೊಂಡು ಎಲ್ಲಿಗೆ ಹೋಗಬಹುದಾಗಿತ್ತು, ಹೋದರೆ ಎಷ್ಟು ವೆಚ್ಚವಾಗುತ್ತಿತ್ತು, ಬಾಗಿಲಲ್ಲಿ ಅವನನ್ನು ತಡೆಯುವವರು ಇದ್ದರೇ ಇಲ್ಲವೇ ಎಂಬ ಪ್ರಶ್ನೆಗಳೂ ನಗರದ ಇತಿಹಾಸಕ್ಕೆ ಸೇರಿದುವೇ ಆಗಿವೆ. ಅರಸನು ಎಷ್ಟು ದೊಡ್ಡ ಕೋಟೆಯನ್ನು ಕಟ್ಟಿಸಿದನೆಂಬುದರಿಂದ ಅವನ ಬಲವು ತಿಳಿಯುವುದು. ಬಡವನ ಮಗುವು ಯಾವ ಮರದ ನೆರಳಿನಲ್ಲಿ ಆಡಿತೆಂಬುದರಿಂದ ಆ ನಗರದ ಬಾಳುವೆಯು ತಿಳಿಯುವುದು.

ಬೆಂಗಳೂರು 'ಉದ್ಯಾನನಗರ'ವೆಂದು ಹೆಸರಾಗಿದೆ. ಹವೆಯ ತಂಪಿನಿಂದಲೂ ನೆಲದ ಗುಣದಿಂದಲೂ ಅಲ್ಲಿ ಉದ್ಯಾನಗಳು ತಾವಾಗಿಯೇ ಬೆಳೆದುವೆಂದೂ, ಜನರು ಅವುಗಳಲ್ಲಿ ವಿಹರಿಸುವುದು ಮೊದಲಿನಿಂದಲೂ ಇದ್ದುದೇ ಎಂದೂ ಅನೇಕರ ಭಾವನೆ. ವಸ್ತುಸ್ಥಿತಿಯು ಹಾಗಿಲ್ಲ. ಇಂದು ಸಾಮಾನ್ಯ ಜನರು ಅಲ್ಪ ವೆಚ್ಚದಲ್ಲಿ ದಿನ ಕಳೆಯುವ ಒಂದೊಂದು ಸ್ಥಳವೂ ಒಂದು ಕಾಲದಲ್ಲಿ ಬೇರೊಬ್ಬರಿಗಾಗಿ, ಬೇರೊಂದು ಉದ್ದೇಶದಿಂದ ಏರ್ಪಟ್ಟುದು. ಅದರ ಬಾಗಿಲು ತೆರೆದುದು ಕಾಲಕ್ರಮದಲ್ಲಿ. ತೆರೆದ ಬಾಗಿಲು ತೆರೆದೇ ಉಳಿದಿರುವುದು ಕಟ್ಟಳೆಯಿಂದಲೂ ಜನರ ಎಚ್ಚರದಿಂದಲೂ.

೧

ಉದ್ಯಾನಗಳಿಗೆ ಮೊದಲು ಪೇಟೆಯ ಜನರಿಗೆ ವಿಹಾರವೇ ಇರಲಿಲ್ಲವೆಂದು ತಿಳಿಯಬಾರದು. ವಿಹಾರವೆಂಬ ಹೆಸರಿನಿಂದ ಅದನ್ನು ಕರೆಯುತ್ತಿರಲಿಲ್ಲ, ಅಷ್ಟೆ. ಜಾತ್ರೆ, ಪರಿಷೆ, ತೇರು, ತೆಪ್ಪ - ಇವೇ ಅವರ ಬಿಡುವಿನ ದಿನಗಳು. ಬಿಡುವು ವಾರದ ಲೆಕ್ಕಕ್ಕೆ ಸೇರದೆ ಪಂಚಾಂಗದ ಲೆಕ್ಕಕ್ಕೆ ಸೇರಿತ್ತು.

ಇವುಗಳಲ್ಲಿ ಎರಡು ಇಂದಿಗೂ ಕುಂದದೆ ನಡೆಯುತ್ತಿರುವುವು. ಮೊದಲನೆಯದು ಚೈತ್ರ ಪೌರ್ಣಮಿಯ ಕರಗ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಈ ಉತ್ಸವವನ್ನು ನಡೆಸುವವರು ತಿಗಳ ಸಮುದಾಯದವರು. ತೋಟಗಾರಿಕೆಯು ಅವರ ಕುಲಕಸುಬು. ಹೂವಿನ ಕರಗವನ್ನು ಹೊತ್ತವನು ಇರುಳೆಲ್ಲ ಪೇಟೆಯ ಬೀದಿಗಳಲ್ಲಿ ಸಂಚರಿಸುವನು. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಮರ್ಯಾದೆಯನ್ನು ಸಲ್ಲಿಸಿ ಬರುವನು. ಆ ರಾತ್ರಿ ಪೇಟೆಯ ಬೀದಿಯೇ ರಂಗಸ್ಥಳ, ಮನೆಯ ಜಗಲಿಯೇ ಪ್ರೇಕ್ಷಕರ ಪೀಠ. ನೋಡುವವನು ಯಾರಿಗೂ ಕಾಸು ಕೊಡಬೇಕಾಗಿಲ್ಲ.

ಎರಡನೆಯದು ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಊರುಗಳ ರೈತರ ಬೆಳೆಯನ್ನು ಒಂದು ಬಸವನು ಮೇಯುತ್ತಿದ್ದಿತೆಂದೂ, ಅದು ಅಟ್ಟಿಸಿಕೊಂಡು ಹೋಗಿ ಕಲ್ಲಾಗಿ ಕುಳಿತಿತೆಂದೂ, ಅಂದಿನಿಂದ ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸುವ ಪದ್ಧತಿ ಬಂದಿತೆಂದೂ ಐತಿಹ್ಯವು ಹೇಳುವುದು. ಕಡಲೆಕಾಯಿಯು ದಕ್ಷಿಣ ಅಮೆರಿಕದ ಗಿಡ. ಐರೋಪ್ಯರು ಸಮುದ್ರಮಾರ್ಗದಿಂದ ಸಂಚರಿಸತೊಡಗಿದ ಮೇಲೆಯೇ ಭಾರತಕ್ಕೆ ಬಂದುದು. ಆದುದರಿಂದ ಕತೆಯ ಈ ರೂಪವು ಬಹಳ ಹಳೆಯದಾಗಿರಲಾರದು. ಆದರೆ ಬೆಳೆಯ ಮೊದಲ ಪಾಲನ್ನು ದೇವರಿಗೆ ಒಪ್ಪಿಸಿ, ಉಳಿದುದನ್ನು ಅಲ್ಲಿಯೇ ರಾಶಿ ಹಾಕಿ ಮಾರುವ ಪದ್ಧತಿಯು ಹಳೆಯದೇ. ಕಡಲೆಕಾಯಿಯನ್ನು ಸೇರಿನಲ್ಲಿ ಅಳೆಯಿಸಿಕೊಂಡು, ಮಕ್ಕಳಿಗೆ ಒಂದು ಗಿರಿಗಟ್ಟೆಯನ್ನೋ ಪೀಪಿಯನ್ನೋ ಕೊಡಿಸಿ, ಸಿಪ್ಪೆ ಸುಲಿಯುತ್ತ ಬಂಡೆಯ ಮೇಲೆ ಕುಳಿತು ಸಂಜೆಗೆ ಮನೆಗೆ ಹಿಂದಿರುಗುವ ಸಂಸಾರಕ್ಕೆ ಪರಿಷೆಯು ಪೂರ್ಣವಾದ ಸುಖವನ್ನು ಕೊಟ್ಟಿತು, ಈಗಲೂ ಕೊಡುತ್ತಿರುವುದು.

ಕೆರೆಗಳ ಏರಿಗಳನ್ನೂ ಇಲ್ಲಿ ಸ್ಮರಿಸಬೇಕು. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿ, ಹಲಸೂರು ಮುಂತಾದ ಕೆರೆಗಳು ನೀರಿಗಾಗಿ ಕಟ್ಟಿದುವಾದರೂ ಸಂಜೆಯ ಗಾಳಿಗೂ ಸ್ಥಳವಾಗಿದ್ದುವು. ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂದ ಮೇಲೆ ಪೇಟೆಯ ಬಳಿಯ ಕೆರೆಗಳ ಮೇಲಣ ಅವಲಂಬನೆಯು ತಗ್ಗಿತು. ಧರ್ಮಾಂಬುಧಿಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿದೆ. ಕರಗದ ವಿಧಿಗಳಿಗಾಗಿ ಉಳಿಸಿದ ಒಂದು ಪುಟ್ಟ ಕೊಳವು ಮಾತ್ರ ಆ ಕೆರೆಯ ಗುರುತಾಗಿ ನಿಂತಿದೆ. ಒಂದು ಪ್ರಯೋಜನ ತಪ್ಪಿದ ಕೂಡಲೆ ಸಾರ್ವಜನಿಕ ನೆಲಕ್ಕೆ ಯಾವ ಗತಿ ಬರಬಹುದೆಂಬುದಕ್ಕೆ ಈ ಕೆರೆಗಳೇ ಸಾಕ್ಷಿ. ಉದ್ಯಾನಗಳ ವೃತ್ತಾಂತವನ್ನು ಈ ಸಾಕ್ಷಿಯನ್ನು ಮುಂದಿಟ್ಟುಕೊಂಡೇ ಓದಬೇಕು.

೨

ಲಾಲ್‌ಬಾಗು ಹುಟ್ಟಿದುದು ಜನರಿಗಾಗಿ ಅಲ್ಲ. ಹೈದರಾಲಿಯು ೧೭೬೦ರಲ್ಲಿ ಕೋಟೆಯಿಂದ ಮೈಲಿಯಷ್ಟು ದೂರದಲ್ಲಿ, ಸುಮಾರು ೪೦ ಎಕರೆಗಳಲ್ಲಿ, ಈ ತೋಟವನ್ನು ಮಾಡಿಸಲು ಆರಂಭಿಸಿದನು. ಶಿರಾದಲ್ಲಿ ಮೊಗಲರ ಅಧಿಕಾರಿಗಳು ಬೆಳೆಯಿಸಿದ್ದ ತೋಟವೇ ಅವನಿಗೆ ಮಾದರಿಯಾಯಿತೆಂದು ಹೇಳುವರು. ಟೀಪುಸುಲ್ತಾನನು ದೂರದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿ ಅದನ್ನು ಬೆಳೆಯಿಸಿದನು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಅರಸರ ತೋಟಗಳನ್ನು ನೋಡಿ ಬರೆದಿರುವನು: ನೆಲವನ್ನು ಚೌಕಗಳಾಗಿ ವಿಂಗಡಿಸಿ, ನಡುನಡುವೆ ಹಾದಿಗಳನ್ನು ಬಿಟ್ಟು, ಹಾದಿಯ ಇಕ್ಕೆಲಗಳಲ್ಲಿ ನೆಟ್ಟನೆಯ ಸೈಪ್ರೆಸ್ ಮರಗಳನ್ನು ಸಾಲಾಗಿ ನೆಟ್ಟಿದ್ದರು, ಒಂದು ಚೌಕವೆಲ್ಲ ಗುಲಾಬಿ, ಮತ್ತೊಂದೆಲ್ಲ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಪಾತಿ. ಇದು ಅರಸನ ಕಣ್ಣಿಗೂ ನಾಲಗೆಗೂ ಏರ್ಪಟ್ಟ ತೋಟ. ಪೇಟೆಯ ನೇಕಾರನ ಮಕ್ಕಳು ಅಲ್ಲಿ ಓಡಾಡಲೆಂಬುದು ಅದರ ಉದ್ದೇಶವಾಗಿರಲಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ತೋಟವು ಕೈಯಿಂದ ಕೈಗೆ ಹೋಯಿತು. ಸಸ್ಯಾಭಿಮಾನಿಯಾದ ಮೇಜರ್ ವಾ ಎಂಬ ಸೇನಾಧಿಕಾರಿಯು ಅದನ್ನು ಕೆಲವು ವರ್ಷ ನೋಡಿಕೊಂಡು, ೧೮೧೯ರಲ್ಲಿ ಕಂಪೆನಿಯ ಸರಕಾರಕ್ಕೆ ಒಪ್ಪಿಸಿದನು. ೧೮೩೬ರಲ್ಲಿ ಒಂದು ಕೃಷಿ-ತೋಟಗಾರಿಕೆಯ ಸಂಘಕ್ಕೆ ಅದನ್ನು ವಹಿಸಲಾಯಿತು; ಆರು ವರ್ಷಗಳಲ್ಲಿ ಆ ಸಂಘವೇ ಮುಗಿದುಹೋಯಿತು. ೧೮೫೬ರಲ್ಲಿ, ಮಾರ್ಕ್ ಕಬ್ಬನ್ನನು ಕಮಿಷನರಾಗಿದ್ದ ಕಾಲದಲ್ಲಿ, ಲಾಲ್‌ಬಾಗು ಸರಕಾರದ ಸಸ್ಯೋದ್ಯಾನವಾಯಿತು. ಆಗಲೂ ಅಧಿಕಾರಿಗಳ ಮುಖ್ಯ ಗುರಿಯು ಜನರ ವಿನೋದವಲ್ಲ; ಹೊಸ ಹಣ್ಣು, ಹೊಸ ತರಕಾರಿ, ಮಾರಾಟಕ್ಕೆ ಬರುವ ಮರ - ಇವು ಈ ನೆಲದಲ್ಲಿ ಒಗ್ಗುವುವೋ ಇಲ್ಲವೋ ಎಂಬ ಪರೀಕ್ಷೆ.

ಆದರೆ ಸಸ್ಯಪರೀಕ್ಷೆಯ ತೋಟಕ್ಕೆ ಜನರು ಬಂದರು. ೧೮೭೪ರಿಂದ ೧೯೦೮ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನನ ಕಾಲದಲ್ಲಿ ಈ ಎರಡು ಉದ್ದೇಶಗಳೂ ಒಂದಾದುವು. ಬೆಂಗಳೂರಿನ ಅಡಿಗೆಮನೆಗಳಲ್ಲಿ ಇಂದು ಸರ್ವಸಾಮಾನ್ಯವಾದ ಸೀಮೆಬದನೆಯನ್ನು ಇಲ್ಲಿ ಬಳಕೆಗೆ ತಂದ ಕೀರ್ತಿಯು ಅವನಿಗೆ ಸಲ್ಲುವುದು. ಗಾಜಿನ ಮನೆಯು ಎದ್ದುದೂ ಅವನ ಕಾಲದಲ್ಲಿಯೇ. ೧೮೮೯ರ ನವೆಂಬರ್ ೩೦ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅದಕ್ಕೆ ಅಸ್ತಿಭಾರವನ್ನಿಟ್ಟನು. ಲಂಡನ್ ನಗರದ ಸ್ಫಟಿಕ ಮಂದಿರದ ಮಾದರಿಯಲ್ಲಿ ಕಬ್ಬಿಣದಿಂದಲೂ ಗಾಜಿನಿಂದಲೂ ರಚಿತವಾದ ಈ ಮಂದಿರವು ಫಲಪುಷ್ಪ ಪ್ರದರ್ಶನಗಳಿಗೆ ಮನೆಯಾಯಿತು. ತೋಟದಲ್ಲಿ ಆಗ ಒಂದು ಚಿಕ್ಕ ಮೃಗಶಾಲೆಯೂ ಇದ್ದಿತು. ಅದು ಮುಚ್ಚಿಹೋಗಿ ಬಹುಕಾಲವಾಗಿದ್ದರೂ ಪಾರಿವಾಳಗಳ ಗೂಡುಮಂಟಪವು ಇಂದಿಗೂ ನಿಂತಿದೆ. ಪುಸ್ತಕದಲ್ಲಿಯೂ ಹುಲಿಯನ್ನು ಕಾಣದ ಮಗುವು ಅಲ್ಲಿ ಹುಲಿಯನ್ನು ಕಂಡಿತು.

ಕ್ಯಾಮೆರಾನನ ತರುವಾಯ ಬಂದ ಕ್ರುಂಬೀಗಲ್ಲನೂ, ಅವನ ಅನಂತರ ಅಧಿಕಾರ ವಹಿಸಿದ ಎಚ್. ಸಿ. ಜವರಾಯರೂ ತೋಟವನ್ನು ಬೆಳೆಯಿಸಿದರು. ೧೯೩೫ರಲ್ಲಿ ಗಾಜಿನ ಮನೆಯು ವಿಸ್ತಾರಗೊಂಡಿತು. ಹೈದರನ ೪೦ ಎಕರೆಯು ಇಂದು ಸುಮಾರು ೨೪೦ ಎಕರೆಯಾಗಿದೆ. ಅದರೊಳಗಣ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಶಾಸ್ತ್ರಜ್ಞರ ಮತ. ಬಂಡೆಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವುಂಟು. ಮಕ್ಕಳು ಆ ಬಂಡೆಯನ್ನು ಹತ್ತಿ ಜಾರುವುದಕ್ಕೆ ಭೂಶಾಸ್ತ್ರವೂ ಬೇಡ, ಚರಿತ್ರೆಯೂ ಬೇಡ. ಅಲ್ಲಿಯ ಗಾಳಿಯೊಂದಿದ್ದರೆ ಸಾಕು.

೩

ಲಾಲ್‌ಬಾಗು ಅರಸನ ತೋಟದಿಂದ ಜನರ ತೋಟವಾದರೆ, ಕಬ್ಬನ್ ಉದ್ಯಾನವು ದೊರೆಗಳ ಹವಾಸೇವನೆಯ ಸ್ಥಳದಿಂದ ಜನರ ಸ್ಥಳವಾಯಿತು. ಆಗ ಬೆಂಗಳೂರು ಎರಡು ಊರಾಗಿದ್ದಿತು: ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ದಂಡು. ಪೇಟೆಯಲ್ಲಿ ಇಕ್ಕಟ್ಟಾದ ಬೀದಿಗಳು. ದಂಡಿನಲ್ಲಿ ಸೈನ್ಯ, ಬಂಗಲೆಗಳು, ಮೈದಾನ. ಎರಡರ ನಡುವಣ ಬಯಲಿನಲ್ಲಿ ೧೮೭೦ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯು ಈ ಉದ್ಯಾನವನ್ನು ರೂಪಿಸಿದನು. ಮೊದಲು ಅದಕ್ಕೆ ಮೀಡ್ಸ್ ಪಾರ್ಕ್ ಎಂಬ ಹೆಸರಿದ್ದು, ಅನಂತರ ಕಬ್ಬನ್ನನ ಹೆಸರು ಬಂದಿತು. ಬ್ಯಾಂಡು ಮಂಟಪದ ಸುತ್ತ ಸಾರೋಟುಗಳು ನಿಲ್ಲುತ್ತಿದ್ದ ಕಾಲದಲ್ಲಿ ಆ ಉದ್ಯಾನದ ಸ್ವಭಾವವು ಹೆಚ್ಚಾಗಿ ದಂಡಿನದೇ ಆಗಿದ್ದಿತು.

ಆದರೆ ನಡುವಿನಲ್ಲಿದ್ದುದೇ ಅದರ ಭಾಗ್ಯವಾಯಿತು. ಪೇಟೆಯಿಂದಲೂ ದಂಡಿನಿಂದಲೂ ಕಾಲ್ನಡಿಗೆಯಲ್ಲಿ ಅದನ್ನು ಸೇರಬಹುದಾಗಿತ್ತು. ಅದರ ಮಗ್ಗುಲಲ್ಲಿ ಜನರಿಗೆ ಉಪಯುಕ್ತವಾದ ಸಂಸ್ಥೆಗಳು ಒಂದೊಂದಾಗಿ ಬಂದುವು. ಮದರಾಸಿನಲ್ಲಿ ೧೮೫೧ರಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫರನು ಬೆಂಗಳೂರಿನಲ್ಲಿ ೧೮೬೫ರಲ್ಲಿ ಅಂತಹುದೇ ಒಂದನ್ನು ಸ್ಥಾಪಿಸಿದನು. ಅದು ಮೊದಲು ದಂಡಿನಲ್ಲಿದ್ದು - ಮ್ಯೂಸಿಯಂ ರಸ್ತೆಯೆಂಬ ಹೆಸರಿನಲ್ಲಿ ಆ ನೆನಪು ಉಳಿದಿದೆ - ೧೮೭೭ರಲ್ಲಿ ಉದ್ಯಾನದ ಅಂಚಿನ ಕೆಂಪು ಕಟ್ಟಡಕ್ಕೆ ಬಂದಿತು. ಕಲ್ಲಿನ ಶಾಸನ, ಹಳೆಯ ನಾಣ್ಯ, ಶಿಲ್ಪ - ಇವುಗಳನ್ನು ಓದುಬರಹ ಬಾರದವನೂ ಕಣ್ಣಿನಿಂದ ಓದುವಂತಾಯಿತು. ೧೯೧೫ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕಮಂದಿರದಲ್ಲಿ ಸಾರ್ವಜನಿಕ ಪುಸ್ತಕಭಂಡಾರವು ನೆಲೆಸಿತು. ೧೯೨೭ರಲ್ಲಿ, ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ, ಉದ್ಯಾನಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಸರಕಾರದ ಕಾಗದಗಳಲ್ಲಿ ಈ ಹೆಸರಿದ್ದರೂ ಜನರ ಬಾಯಲ್ಲಿ ಕಬ್ಬನ್ನನೇ ಉಳಿದನು.

೧೯೪೭ರಲ್ಲಿ ದಂಡು ಮೈಸೂರಿಗೆ ಹಿಂದಿರುಗಿತು. ೧೯೪೯ರಲ್ಲಿ ಎರಡು ಊರುಗಳ ಪುರಸಭೆಗಳೂ ಒಂದಾದುವು. ಗಡಿಯಾಗಿದ್ದ ಉದ್ಯಾನವು ಹೀಗೆ ನಗರದ ಹೃದಯವಾಯಿತು. ಬಾಲಭವನದ ಪುಟಾಣಿ ರೈಲಿನಲ್ಲಿ ಕುಳಿತು ಕೇಕೆಹಾಕಿದ ಮಕ್ಕಳಿಗೆ ಒಂದು ಕಾಲದಲ್ಲಿ ಆ ನೆಲವು ಎರಡು ಊರುಗಳ ಎಲ್ಲೆಯಾಗಿದ್ದಿತೆಂಬುದು ತಿಳಿದಿರಲಾರದು, ತಿಳಿಯಬೇಕಾಗಿಯೂ ಇರಲಿಲ್ಲ. ೧೯೬೨ರಲ್ಲಿ ಹತ್ತಿರದಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯವು ತೆರೆಯಿತು. ಯಂತ್ರಗಳ ಹಿಡಿಯನ್ನು ತಿರುಗಿಸಿ, ಗುಂಡಿಯನ್ನೊತ್ತಿ ನೋಡುವ ಆನಂದವು ಶಾಲೆಯ ಹುಡುಗರಿಗೆ ಲಭಿಸಿತು.

೪

ಸ್ಥಳವಿದ್ದರೆ ಸಾಲದು, ಹೋಗುವುದಕ್ಕೆ ದಿನವೂ ಬೇಕು. ಈ ಮಾರ್ಪಾಡು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕಚೇರಿಗಳೂ ಶಾಲೆಗಳೂ ಭಾನುವಾರ ಮುಚ್ಚುವ ಪದ್ಧತಿಯು ಆಂಗ್ಲರ ಆಡಳಿತದೊಡನೆ ಬಂದುದು. ೧೮೮೪ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಗಳ ದೊಡ್ಡ ಗಿರಣಿಯು ಸ್ಥಾಪಿತವಾಯಿತು. ೧೯೪೦ರಲ್ಲಿ ವಿಮಾನದ ಕಾರ್ಖಾನೆಯೂ, ಸ್ವಾತಂತ್ರ್ಯಾನಂತರ ಮತ್ತೆ ಹಲವು ಕಾರ್ಖಾನೆಗಳೂ ಬಂದುವು. ಗಂಟೆಯ ಲೆಕ್ಕದಲ್ಲಿ ದುಡಿಯುವವನಿಗೆ ವಾರಕ್ಕೊಂದು ದಿನವು ಬಿಡುವಾಗಿ ದೊರೆಯಿತು. ಪಂಚಾಂಗದ ಬಿಡುವು ಊರಿಗೆಲ್ಲ ಸೇರಿದುದು. ವಾರದ ಬಿಡುವು ಒಂದೊಂದು ಸಂಸಾರಕ್ಕೆ ಸೇರಿದುದು. ಜಾತ್ರೆಗೆ ಊರೇ ಹೋಗುವುದು. ಉದ್ಯಾನಕ್ಕೆ ಮನೆಯವರು ಹೋಗುವರು. ಹೀಗೆ, ಗಂಡಹೆಂಡಿರೂ ಮಕ್ಕಳೂ ಒಂದೆಡೆ ಕುಳಿತು ಯಾವ ವ್ರತಪೂಜೆಗಳ ನೆಪವೂ ಇಲ್ಲದೆ ಹೊತ್ತು ಕಳೆಯಬಹುದೆಂಬುದು ಒಂದು ಹೊಸ ರೂಢಿಯಾಗಿ ಬೆಳೆಯಿತು.

೧೮೯೮ರ ಪ್ಲೇಗೂ ಇದಕ್ಕೆ ತನ್ನ ಪಾಲನ್ನು ಸಲ್ಲಿಸಿತು. ಇಕ್ಕಟ್ಟಾದ ಪೇಟೆಯಲ್ಲಿ ಸಾವಿರಾರು ಜನರು ಆ ಮಾರಿಗೆ ತುತ್ತಾದ ಮೇಲೆ, ಗಾಳಿಬೆಳಕುಗಳು ಶ್ರೀಮಂತರ ಭೋಗವಲ್ಲ, ಎಲ್ಲರ ಆರೋಗ್ಯದ ಅಗತ್ಯವೆಂಬ ಅರಿವು ಮೂಡಿತು. ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಅಗಲವಾದ ರಸ್ತೆಗಳಿಂದಲೂ ಸಾಲುಮರಗಳಿಂದಲೂ ಬೆಳೆದುವು.

ಆ ಕಾಲದ ವಿಹಾರದ ವೆಚ್ಚವಾದರೂ ಎಷ್ಟು? ಮನೆಯಲ್ಲಿ ಬೆಳಗಾಗುವ ಮುನ್ನ ಕಲಸಿದ ಚಿತ್ರಾನ್ನ, ಮೊಸರನ್ನ, ಮುತ್ತುಗದ ಎಲೆ, ಒಂದು ಚೊಂಬು ನೀರು, ಹಾಸಲು ಒಂದು ಜಮಖಾನ. ಹಾದಿಯಲ್ಲಿ ಉಪ್ಪುಕಾರ ಸವರಿದ ಸೌತೆಕಾಯಿಗೆ ಒಂದಿಷ್ಟು ಕಾಸು. ಮನೆಯಲ್ಲಿದ್ದರೂ ಉಣ್ಣಬೇಕಾದ ಅನ್ನವನ್ನು ಮರದ ಕೆಳಗೆ ಉಂಡರೆ ಹೆಚ್ಚಿನ ವೆಚ್ಚವೇನೂ ಇಲ್ಲವಷ್ಟೆ. ಮನೆಯ ಹೆಂಗಸಿಗೆ ಮಾತ್ರ ಅಂದು ಒಲೆಯ ಮುಂದಣ ಅರ್ಧ ದಿನವು ಉಳಿಯುತ್ತಿತ್ತು. ಬುತ್ತಿಯ ಗಂಟು ಚಿಕ್ಕದಾದರೂ ವಿಹಾರವು ಬಡವನಿಗೆ ಎಟುಕಿದುದು ಅದರಿಂದಲೇ.

೫

ಕೆರೆಗಳ ಗತಿಯು ಉದ್ಯಾನಗಳಿಗೂ ಬರಬಹುದೆಂಬ ಭಯವು ನಿರಾಧಾರವಲ್ಲವೆಂದು ಅನುಭವವು ತೋರಿಸಿತು. ನಗರವು ಬೆಳೆದಂತೆ ನೆಲದ ಬೆಲೆ ಏರಿತು. ತೆರೆದ ನೆಲವನ್ನು ಖಾಲಿ ನೆಲವೆಂದು ಕಾಣುವ ಕಣ್ಣುಗಳೂ ಹೆಚ್ಚಿದುವು. ೧೯೭೫ರಲ್ಲಿ ಕರ್ನಾಟಕ ಸರಕಾರವು ಉದ್ಯಾನಗಳ ಸಂರಕ್ಷಣೆಯ ಅಧಿನಿಯಮವನ್ನು ಮಾಡಿತು. ಅದರ ಪ್ರಕಾರ ಲಾಲ್‌ಬಾಗು, ಕಬ್ಬನ್ ಉದ್ಯಾನಗಳಂತಹ ಸರಕಾರಿ ಉದ್ಯಾನಗಳ ನೆಲವನ್ನು ಮಾರುವುದಾಗಲಿ, ಗುತ್ತಿಗೆ ಕೊಡುವುದಾಗಲಿ, ದಾನಮಾಡುವುದಾಗಲಿ ಕೂಡದು. ಹೈದರನ ತೋಟಕ್ಕೆ ಇನ್ನೂರು ವರ್ಷಗಳ ಮೇಲೆ ದೊರೆತ ನಿಜವಾದ ಬೇಲಿಯಿದು.

ಬೇಲಿಯನ್ನೂ ಕಾಯಬೇಕಾಯಿತು. ೧೯೯೮ರಲ್ಲಿ ಕಬ್ಬನ್ ಉದ್ಯಾನದ ೩೦ ಎಕರೆಗೂ ಮೇಲ್ಪಟ್ಟ ನೆಲವನ್ನು ರಕ್ಷಿತ ಗಡಿಯಿಂದ ಕೈಬಿಡಲು ಸರಕಾರವು ಹೊರಟಾಗ ನಾಗರಿಕರು ಪ್ರತಿಭಟಿಸಿದರು. ವಿವಾದವು ಉಚ್ಚನ್ಯಾಯಾಲಯದ ಮೆಟ್ಟಿಲೇರಿತು. ೨೦೦೯ರಲ್ಲಿ ಮೆಟ್ರೋ ರೈಲಿನ ಮಾರ್ಗಕ್ಕಾಗಿ ಲಾಲ್‌ಬಾಗಿನ ಅಂಚಿನ ಗೋಡೆಯನ್ನು ಕೆಡವಿ ಮರಗಳನ್ನು ಕಡಿದಾಗಲೂ ಜನರು ಬೀದಿಗಿಳಿದರು. ರೈಲು ಬಂದಿತು, ಅದರಿಂದ ದೂರದ ಬಡಾವಣೆಯವರಿಗೆ ಲಾಲ್‌ಬಾಗು ಹತ್ತಿರವೂ ಆಯಿತು. ಎರಡೂ ಸತ್ಯವೇ. ನಗರವು ಬೆಳೆಯಲೇಬೇಕು, ಆದರೆ ಬೆಳೆವಣಿಗೆಗೆ ಪ್ರತಿಸಲವೂ ಉದ್ಯಾನದ ಅಂಚೇ ಅಗ್ಗವಾಗಿ ಒದಗುವುದೆಂದರೆ, ಅದರ ಬೆಲೆಯನ್ನು ತೆರುವವರು ಬೇರೆ ವಿಹಾರವನ್ನು ಕೊಳ್ಳಲಾರದ ಜನರೇ.

ನೆಲವನ್ನು ಕಳೆದುಕೊಳ್ಳದೆಯೂ ಬಾಗಿಲನ್ನು ಕಿರಿದುಮಾಡಬಹುದು. ಲಾಲ್‌ಬಾಗಿನಲ್ಲಿ ಮುಂಜಾನೆಯ ಸಂಚಾರದ ಹೊತ್ತನ್ನು ಬಿಟ್ಟರೆ ಪ್ರವೇಶಶುಲ್ಕವುಂಟು. ಸ್ವಾತಂತ್ರ್ಯದಿನ, ಗಣರಾಜ್ಯದಿನಗಳ ಫಲಪುಷ್ಪ ಪ್ರದರ್ಶನದಲ್ಲಿ ಅದು ಇನ್ನೂ ಹೆಚ್ಚುವುದು. ಹೊರಗಿನ ತಿಂಡಿಯನ್ನು ಒಳಕ್ಕೆ ತರಬಾರದೆಂಬ ನಿಯಮವೂ ಇತ್ತೀಚೆಗೆ ಬಂದಿದೆ. ತೋಟವನ್ನು ಚೊಕ್ಕಟವಾಗಿಡಲು ಹಣವೂ ನಿಯಮವೂ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಎಂಜಲೆಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಮರದ ಬುಡದಲ್ಲಿ ಬಿಟ್ಟು ಹೋದವರೇ ಈ ನಿಯಮಕ್ಕೆ ಕಾರಣರೆಂಬುದೂ ನಿಜ. ಆದರೂ ಒಂದು ಲೆಕ್ಕವನ್ನು ಮರೆಯಬಾರದು. ಒಬ್ಬನಿಗೆ ಅಲ್ಪವಾದ ಶುಲ್ಕವು ಆರು ಜನರ ಸಂಸಾರಕ್ಕೆ ಅಲ್ಪವಲ್ಲ. ಬುತ್ತಿಯನ್ನು ಬಾಗಿಲಲ್ಲಿ ಬಿಟ್ಟವನು ಒಳಗೆ ತಿಂಡಿಯನ್ನು ಕೊಳ್ಳಬೇಕು. ಊರಿನ ಅಂಚಿನ ಬಡಾವಣೆಯಿಂದ ಬರುವವನಿಗೆ ಬಸ್ಸಿನ ವೆಚ್ಚವೂ ಇದಕ್ಕೆ ಕೂಡುವುದು. ಇವು ಮೂರೂ ಸೇರಿದಲ್ಲಿ, ಕೂಲಿಯವನು ಬಾಗಿಲವರೆಗೆ ಬಂದು ಹಿಂದಿರುಗುವುದಿಲ್ಲ, ಮನೆಯಿಂದಲೇ ಹೊರಡುವುದಿಲ್ಲ. ಹೊರಡದವರ ಸಂಖ್ಯೆಯು ಯಾವ ಟಿಕೆಟ್ಟಿನ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಬೆಂಗಳೂರಿನ ಈ ಚರಿತ್ರೆಯಲ್ಲಿ ಅರಸನು ತೋಟವನ್ನು ನೆಟ್ಟನು, ಅಧಿಕಾರಿಯು ಅದನ್ನು ಬೆಳೆಯಿಸಿದನು, ಶಾಸನವು ಬೇಲಿ ಹಾಕಿತು, ನಾಗರಿಕರು ಬೇಲಿಯನ್ನು ಕಾದರು. ಇವರಲ್ಲಿ ಒಬ್ಬರು ತಪ್ಪಿದ್ದರೂ ಲಾಲ್‌ಬಾಗು ಧರ್ಮಾಂಬುಧಿಯ ಹಾದಿಯನ್ನು ಹಿಡಿಯಬಹುದಾಗಿತ್ತು. ಬೆವರು ಸುರಿಸುವ ಜನರಿಗೆ ತಮ್ಮ ಮಕ್ಕಳೊಡನೆ ಒಂದು ಹಗಲು ನೆರಳಿನಲ್ಲಿ ಕುಳಿತುಕೊಳ್ಳುವ ಹಕ್ಕು ನಗರದ ಸಂಪತ್ತಿನಲ್ಲಿ ಅವರಿಗೆ ಸಲ್ಲುವ ಪಾಲು. ಅದು ಯಾರ ಔದಾರ್ಯವೂ ಅಲ್ಲ. ಪರಿಷೆಯ ಬಸವನ ಮುಂದೆ ಮೊದಲ ಬೆಳೆಯನ್ನು ಸುರಿದ ರೈತರು ಉಳಿದುದನ್ನು ಎಲ್ಲರೂ ಕೊಳ್ಳಬಹುದಾದ ಬೆಲೆಗೆ ಬೀದಿಯಲ್ಲಿ ಇಟ್ಟು ಮಾರಿದರು. ಉದ್ಯಾನಗಳನ್ನು ಆಳುವವರೂ ಶುಲ್ಕವನ್ನು ಗೊತ್ತುಮಾಡುವಾಗ ಆ ರೈತರ ಅಳತೆಯನ್ನು ನೆನೆಯುವುದು ಯುಕ್ತವಾಗಿದೆ.